ಅಮೃತದ ಹುಡುಕಾಟವೂ ಜಾವಗಲ್ಲಿನ ಬಳಪದ ಕಲ್ಲೂ

ಕಾಡಿನ ನಡುವೆ ಜನ ಮರೆತ ಒಂದು ನಗರ. ಅಲ್ಲಿನ ಪಾಳುಗುಡಿಯ ನೆಲಮಾಳಿಗೆಯಲ್ಲಿ ಸಾವನ್ನು ಗೆಲ್ಲುವ ಮದ್ದು. ಅದನ್ನು ಅರಸಿ ಹೊರಟ ಒಬ್ಬ ಸಾಹಸಿ, ಅವನ ಬೆನ್ನಟ್ಟುವ ಒಬ್ಬ ಖಳ. ಇಂಥ ಕಥೆ ಸಿಕ್ಕರೆ ಪರೀಕ್ಷೆಯ ಹಿಂದಿನ ದಿನವೂ ಮಕ್ಕಳು ಪುಸ್ತಕ ಕೆಳಗಿಡುವುದಿಲ್ಲ. ರೈಡರ್ ಹ್ಯಾಗರ್ಡ್‌ನ ‘ಶೀ’ (1887) ಈ ಬಗೆಯ ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಹೆಸರಾದುದು. ಅದರ ರಾಣಿ ಅಳಿದ ನಗರವೊಂದರಲ್ಲಿ ಎರಡು ಸಾವಿರ ವರ್ಷ ಮುಪ್ಪಿಲ್ಲದೆ ಬಾಳುತ್ತಾಳೆ. ಕೊನೆಗೆ ತನಗೆ ಚಿರಯೌವನ ಕೊಟ್ಟ ಬೆಂಕಿಯಲ್ಲೇ ಮತ್ತೆ ಮಿಂದು, ಕ್ಷಣದಲ್ಲಿ ಹಣ್ಣುಮುದುಕಿಯಾಗಿ ಸಾಯುತ್ತಾಳೆ.

ಈ ಆಸೆ ಕಥೆಗಷ್ಟೇ ಸೇರಿದ್ದಲ್ಲ. ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್ ಅಮರತ್ವದ ಮದ್ದು ತರಲು ಸಮುದ್ರದಾಚೆಗೆ ಜನರನ್ನು ಅಟ್ಟಿದ. ಆದರೂ ಕ್ರಿ.ಪೂ. 210ರಲ್ಲಿ, ಐವತ್ತರ ಆಸುಪಾಸಿನಲ್ಲೇ ತೀರಿಕೊಂಡ. ಪಾದರಸದ ಗುಳಿಗೆಗಳೇ ಅವನನ್ನು ಕೊಂದವೆಂಬ ಪ್ರತೀತಿ ಇದೆ. ಪಾದರಸ ವಿಷವೆಂಬುದು ಇಂದು ಶಾಲೆಯ ಮಕ್ಕಳಿಗೂ ಗೊತ್ತು.

ಇದಕ್ಕಿಂತ ಹಳೆಯದು ಮೆಸೊಪೊಟೇಮಿಯಾದ ಗಿಲ್ಗಮೇಶನ ಕಥೆ. ಗೆಳೆಯನ ಸಾವಿನಿಂದ ಕಂಗೆಟ್ಟ ರಾಜ ಗಿಲ್ಗಮೇಶ್ ಮುಪ್ಪನ್ನು ಕಳೆಯುವ ಗಿಡವೊಂದನ್ನು ನೀರಿನಾಳದಿಂದ ತರುತ್ತಾನೆ. ದಾರಿಯಲ್ಲಿ ಹಾವೊಂದು ಅದನ್ನು ಕದ್ದೊಯ್ಯುತ್ತದೆ. ಬರಿಗೈಯಲ್ಲಿ ಊರಿಗೆ ಮರಳಿದ ರಾಜ ತನ್ನ ನಗರದ ಕೋಟೆಗೋಡೆಯನ್ನು ಜೊತೆಗಾರನಿಗೆ ತೋರಿಸುತ್ತಾನೆ. ಉಳಿಯುವುದು ಕೈಯಾರೆ ಮಾಡಿದ ಕೆಲಸ ಎಂಬುದು ಆ ನೋಟದ ಅರ್ಥ. ಈ ಕಥೆಯನ್ನು ಬರೆದಿಟ್ಟ ಮಣ್ಣಿನ ಹಲಗೆಗಳೂ ನಿನೆವೆ ನಗರದ ಅವಶೇಷಗಳಡಿ ಎರಡು ಸಾವಿರಕ್ಕೂ ಹೆಚ್ಚು ವರ್ಷ ಹೂತಿದ್ದವು. 1872ರಲ್ಲಿ ಜಾರ್ಜ್ ಸ್ಮಿತ್ ಅವುಗಳಲ್ಲಿ ಒಂದನ್ನು ಓದಿ ಲೋಕಕ್ಕೆ ತಿಳಿಸಿದರು.

ಹಾಸನ ಜಿಲ್ಲೆಯ ಅಳಿದ ನಗರ

ಅಳಿದ ನಗರವನ್ನು ನೋಡಲು ಕನ್ನಡದ ಮಕ್ಕಳು ಇರಾಕಿಗೆ ಹೋಗಬೇಕಿಲ್ಲ. ಹೊಯ್ಸಳರ ರಾಜಧಾನಿ ದೋರಸಮುದ್ರವನ್ನು 1311ರಲ್ಲಿ ಮಲಿಕ್ ಕಾಫರ್‌ನ ಸೇನೆ ಮುತ್ತಿ ಅದರ ಸಂಪತ್ತನ್ನು ಹೊತ್ತೊಯ್ದಿತು. 1327ರ ಸುಮಾರಿಗೆ ದೆಹಲಿಯ ತುಘಲಕ್ ಸೇನೆಯ ದಾಳಿಯಾಯಿತು. 1343ರ ಸುಮಾರಿಗೆ ಮೂರನೆಯ ಬಲ್ಲಾಳ ಮಧುರೆಯ ಸುಲ್ತಾನನ ಕೈಯಲ್ಲಿ ಹತನಾದ. ರಾಜ್ಯ ವಿಜಯನಗರದಲ್ಲಿ ಕರಗಿಹೋಯಿತು. ರಾಜಧಾನಿಗೆ ಉಳಿದ ಹೆಸರು ಹಳೇಬೀಡು.

ಹಳೇಬೀಡಿಗೆ ಬಂದವರು ಬೇಲೂರಿಗೂ ಹೋಗುತ್ತಾರೆ. ಅಲ್ಲಿನ ಚೆನ್ನಕೇಶವ ಗುಡಿಯ ನವರಂಗದ ಕಂಬವೊಂದರಲ್ಲಿ ಅಮೃತ ಹಂಚಿದ ಮೋಹಿನಿ ನಿಂತಿದ್ದಾಳೆ. ಆದರೆ ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನಲ್ಲಿ ಇಳಿಯುವವರು ಕಡಿಮೆ. ಜಾವಗಲ್ ಎಂದರೆ ಹೆತ್ತವರಿಗೆ ಮೊದಲು ನೆನಪಾಗುವುದು ವೇಗದ ಬೌಲರ್ ಶ್ರೀನಾಥ್. ಆದರೆ ಅದಕ್ಕೂ ಬಹು ಹಿಂದಿನ ಇನ್ನೊಂದು ಹೆಸರು ಈ ಊರಿಗೆ ಅಂಟಿಕೊಂಡಿದೆ.

ವೀರ ಸೋಮೇಶ್ವರನ ಕಾಲದಲ್ಲಿ, 1250ರಲ್ಲಿ, ಕಟ್ಟಿದ ಇಲ್ಲಿನ ಲಕ್ಷ್ಮೀನರಸಿಂಹ ದೇವಾಲಯ ಮೂರು ಗರ್ಭಗುಡಿಗಳ ತ್ರಿಕೂಟ. ಹೊರಗೋಡೆಯ ಬುಡದಲ್ಲಿ ಕೆಳಗಿನಿಂದ ಮೇಲಕ್ಕೆ ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸ ಎಂದು ಆರು ಪಟ್ಟಿಕೆಗಳು. ಅವುಗಳ ಮೇಲೆ ದೇವತೆಗಳ ಸಾಲು. ಇಲ್ಲಿ ಕೆಲಸ ಮಾಡಿದವರಲ್ಲಿ ಮಲ್ಲಿತಮ್ಮ ಒಬ್ಬ.

ಹಳೆಯ ಕಾಲದ ಶಿಲ್ಪಿಗಳಲ್ಲಿ ಹೆಚ್ಚಿನವರು ಹೆಸರು ಬಿಟ್ಟುಹೋಗಲಿಲ್ಲ. ಹೊಯ್ಸಳರ ಶಿಲ್ಪಿಗಳು ಹಾಗಲ್ಲ. ತಾವು ಕಡೆದ ಮೂರ್ತಿಯ ಪೀಠದಲ್ಲಿ ಕನ್ನಡ ಅಕ್ಷರಗಳಲ್ಲಿ ಹೆಸರು ಕೊರೆದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇದ್ದಾರೆ. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಲ್ಲೂ ಇದೆ, 1258ರ ಸೋಮನಾಥಪುರದಲ್ಲೂ ಇದೆ. ನಡುವೆ 62 ವರ್ಷ! ಇವೆಲ್ಲ ಒಬ್ಬನದೇ ಕೆಲಸವೆಂದಿಟ್ಟುಕೊಂಡು, ಹದಿನೈದರಲ್ಲಿ ಉಳಿ ಹಿಡಿದನೆಂದರೂ ಸೋಮನಾಥಪುರದ ಹೊತ್ತಿಗೆ ಅವನಿಗೆ 77. ಅವನ ದೊರೆಗಳ ಅರಮನೆ ಬಿದ್ದುಹೋಯಿತು. ಅವನ ಹೆಸರು ಉಳಿಯಿತು.

ಕಲ್ಲಿನ ಗುಟ್ಟು

ಉಳಿಸಿದ್ದು ಯಾವುದು? ಬಳಪದ ಕಲ್ಲು. ಹಿಂದೆ ಮಕ್ಕಳು ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪದ ಜಾತಿಯದೇ. ಅದರಲ್ಲಿರುವ ಟಾಲ್ಕ್ ಎಂಬ ಖನಿಜ ಮೆಗ್ನೀಷಿಯಂ, ಸಿಲಿಕಾನ್, ಆಮ್ಲಜನಕ, ಜಲಜನಕಗಳ ಸಂಯುಕ್ತ. ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರಿನ ಹೆಸರಿಗೂ ಅದೇ ಮೂಲ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಅಳತೆಯಲ್ಲಿ ಟಾಲ್ಕ್‌ಗೆ 1, ನಮ್ಮ ಉಗುರಿಗೆ ಸುಮಾರು 2.5, ಗ್ರಾನೈಟಿನಲ್ಲಿರುವ ಕ್ವಾರ್ಟ್ಜ್‌ಗೆ 7. ಗುಡಿಯ ಕಲ್ಲಿನಲ್ಲಿ ಕ್ಲೋರೈಟ್ ಮೊದಲಾದ ಖನಿಜಗಳೂ ಸೇರಿ ಅದು ಶುದ್ಧ ಟಾಲ್ಕ್‌ಗಿಂತ ಗಟ್ಟಿ. ಆದರೂ ಗ್ರಾನೈಟಿನ ಮುಂದೆ ಬಹಳ ಮೆದು. ಆದುದರಿಂದಲೇ ಮೂರ್ತಿಯ ಬೆರಳಿನ ಉಂಗುರವನ್ನೂ ಕೊರೆಯಲು ಸಾಧ್ಯವಾಯಿತು.

ಇನ್ನೊಂದು ಸ್ವಾರಸ್ಯವಿದೆ. ಹೆಸರಿನಲ್ಲೇ ಅಮೃತವಿರುವ ಅಮೃತಶಿಲೆ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ಬಿದ್ದರೆ ನೊರೆಯುಕ್ಕಿ ಕರಗುತ್ತದೆ. ಬಳಪದ ಕಲ್ಲು ಆಮ್ಲಕ್ಕೆ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ಹಿಂದೆ ರಸಾಯನಶಾಸ್ತ್ರದ ಪ್ರಯೋಗಾಲಯಗಳ ಮೇಜಿಗೆ ಇದೇ ಹಲಗೆಗಳನ್ನು ಹಾಸುತ್ತಿದ್ದರು. ಏಳೂವರೆ ಶತಮಾನಗಳ ಮಳೆಯನ್ನು ಮೂರ್ತಿಗಳು ತಡೆದುಕೊಂಡದ್ದರಲ್ಲಿ ಈ ಗುಣದ ಪಾಲೂ ಇದೆ.

ಆದರೆ ಮಳೆಗೆ ಜಗ್ಗದ ಕಲ್ಲು ಮೊಳೆಗೆ ಜಗ್ಗುತ್ತದೆ. ಕೀಲಿಕೈಯ ತುದಿ ಸಾಕು, ಒಂದು ನಿಮಿಷದಲ್ಲಿ ಗೀರು ಮೂಡುತ್ತದೆ. ಪ್ರವಾಸಕ್ಕೆ ಬಂದವರು ಹಳೆಯ ಗೋಡೆಗಳಲ್ಲಿ ತಮ್ಮ ಹೆಸರು ಕೆತ್ತುವ ಚಾಳಿ ಇನ್ನೂ ಹೋಗಿಲ್ಲ. ಅವರಿಗೂ ಬೇಕಾಗಿರುವುದು ಒಂದು ಬಗೆಯ ಅಮರತ್ವವೇ! ವ್ಯತ್ಯಾಸವಿಷ್ಟೆ: ಮಲ್ಲಿತಮ್ಮ ಮೊದಲು ಮೂರ್ತಿ ಮಾಡಿದ, ಆಮೇಲೆ ಹೆಸರು ಬರೆದ. ಪ್ರಾಚೀನ ಸ್ಮಾರಕಗಳ 1958ರ ಕಾಯಿದೆಯಡಿ, 2010ರ ತಿದ್ದುಪಡಿಯ ಬಳಿಕ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳನ್ನು ವಿರೂಪಗೊಳಿಸಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೆ ಗೀರಿದ ಕಲ್ಲನ್ನು ದಂಡ ಸರಿಪಡಿಸದು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಜಾವಗಲ್ ಆ ಪಟ್ಟಿಯಲ್ಲಿಲ್ಲ. ಅದನ್ನು ಕಾಯಬೇಕಾದವರು ಅಲ್ಲಿಗೆ ಹೋಗುವವರೇ. ಮುಂದಿನ ಶಾಲಾ ಪ್ರವಾಸದಲ್ಲಿ ಬಸ್ಸನ್ನು ಅಲ್ಲಿ ಅರ್ಧ ಗಂಟೆ ನಿಲ್ಲಿಸಿ, ಮಕ್ಕಳ ಕೈಗೆ ನೋಟುಪುಸ್ತಕ ಕೊಡಿ. ಪಟ್ಟಿಕೆಗಳನ್ನು ಎಣಿಸಲಿ, ಪೀಠಗಳಲ್ಲಿ ಅಕ್ಷರಗಳನ್ನು ಹುಡುಕಲಿ. ತಮ್ಮ ಹೆಸರನ್ನು ಆ ಪುಸ್ತಕದ ಮೇಲೆ ಬರೆದುಕೊಳ್ಳಲಿ.