ಕೊನೆಯ ತೂಬಿಗೂ ನೀರು

ಮಳವಳ್ಳಿಯ ಕಡೆಯ ರೈತನೊಬ್ಬನು ಗದ್ದೆಯ ಬದುವಿನ ಮೇಲೆ ನಿಂತು ತನ್ನ ಪಹಣಿಯನ್ನು ಕೈಫೋನಿನಲ್ಲಿ ತೆರೆದು ನೋಡುವಾಗ, ದೂರದ ಯಂತ್ರವೊಂದರಲ್ಲಿರುವ ಆ ದಾಖಲೆಯು ಸಣ್ಣ ಸಣ್ಣ ತುಣುಕುಗಳಾಗಿ ಹೊರಟು, ಅವುಗಳಲ್ಲಿ ಕೆಲವು ನಡುದಾರಿಯಲ್ಲಿ ಕಳೆದುಹೋಗಿ, ಕೆಲವು ಹಿಂದುಮುಂದಾಗಿ ಬಂದು ಸೇರಿದರೂ, ಸರ್ವೆ ನಂಬರಿನ ಒಂದು ಅಂಕಿಯೂ ಲೋಪವಾಗದಂತೆ ಅವನ ಕಣ್ಣೆದುರು ಮೂಡುತ್ತದೆ. ಈ ಪಹಣಿಯನ್ನು ಗಣಕಯಂತ್ರಕ್ಕೆ ಏರಿಸಿದ ‘ಭೂಮಿ’ ಯೋಜನೆಯು ಮೊದಲು ಪ್ರಯೋಗಗೊಂಡದ್ದು ನೆರೆಯ ಮದ್ದೂರು ತಾಲ್ಲೂಕಿನಲ್ಲಿಯೇ. ಆ ದಿನಗಳಲ್ಲಿ ದಾಖಲೆಯು ತಾಲ್ಲೂಕು ಕಚೇರಿಯ ಯಂತ್ರದೊಳಗೇ ಇದ್ದಿತು, ರೈತನು ಅಲ್ಲಿಯವರೆಗೆ ಹೋಗಿ 15 ರೂಪಾಯಿ ತೆತ್ತು ಪ್ರತಿಯನ್ನು ಪಡೆಯಬೇಕಾಗಿದ್ದಿತು. ಇಂದು ದಾಖಲೆಯೇ ರೈತನಿರುವೆಡೆಗೆ ಬರುತ್ತಿರುವುದಾದರೆ, ಅದನ್ನು ಬರಮಾಡಿಕೊಳ್ಳುವ ಕಾರ್ಯವು ಆಂಡ್ರಾಯ್ಡ್ ಫೋನಿನ ಅಂತರಾಳದಲ್ಲಿರುವ ಲಿನಕ್ಸ್ ಕರ್ನಲ್ಲಿನ ಒಂದು ಭಾಗದ್ದು. ನೆಟ್‌ವರ್ಕ್ ಸ್ಟ್ಯಾಕ್ ಎಂದು ಅದಕ್ಕೆ ಹೆಸರು. ಅದು ಯಾವೊಂದು ಕಂಪನಿಯ ಸ್ವತ್ತೂ ಅಲ್ಲ. ಅದರ ಪ್ರತಿಯೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಅದು ಹಾಗೆ ಉಳಿದುಬಂದ ಕಥೆಯು ನಮ್ಮ ಸೀಮೆಯ ವಿದ್ಯಾರ್ಥಿಗಳು ತಿಳಿದಿರಲೇಬೇಕಾದುದೆಂಬುದು ನನ್ನ ದೃಢವಾದ ನಂಬಿಕೆ.

ಭಿನ್ನ ಭಿನ್ನ ಜಾಲಗಳನ್ನು ಒಂದಾಗಿ ಹೆಣೆಯುವ ವಿಧಾನವನ್ನು ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬ ಅಮೆರಿಕದ ವಿಜ್ಞಾನಿಗಳು 1974ರಲ್ಲಿ ಪ್ರಬಂಧರೂಪದಲ್ಲಿ ಪ್ರಕಟಿಸಿದರು. ಅದರಿಂದ ಬೆಳೆದ ವ್ಯವಸ್ಥೆಯಲ್ಲಿ ಕೆಲಸವು ಪದರಪದರವಾಗಿ ಹಂಚಿಕೆಯಾಗಿದೆ. ಕೆಳಗಿನ ಪದರವು ತಂತಿಯನ್ನೋ ರೇಡಿಯೋ ಅಲೆಯನ್ನೋ ನೋಡಿಕೊಳ್ಳಬೇಕು. ಅದರ ಮೇಲಿನ ಐಪಿ ಪದರವು ವಿಳಾಸವನ್ನು ಓದಿ ಪ್ಯಾಕೆಟ್ಟನ್ನು, ಎಂದರೆ ಮಾಹಿತಿಯ ತುಣುಕನ್ನು, ಮುಂದಕ್ಕೆ ಸಾಗಿಸಬೇಕು. ಅದಕ್ಕೂ ಮೇಲಿನ ಟಿಸಿಪಿಯು ಕಳೆದುಹೋದುದನ್ನು ಮತ್ತೆ ಕಳುಹಿಸಿ, ಕ್ರಮ ತಪ್ಪಿದುದನ್ನು ಕ್ರಮಕ್ಕೆ ತರಬೇಕು. ತುತ್ತತುದಿಯ ತಂತ್ರಾಂಶವು ಇವೆಲ್ಲದರ ಗೊಡವೆಯಿಲ್ಲದೆ ತನ್ನ ಕೆಲಸವನ್ನು ಮಾಡಿಕೊಳ್ಳಬೇಕು. ಈ ಪದರಗಳನ್ನು ಯೂನಿಕ್ಸ್ ವ್ಯವಸ್ಥೆಯೊಳಗೆ ಅಳವಡಿಸುವ ಭಾರವನ್ನು ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯು ಬಿಬಿಎನ್ ಕಂಪನಿಗೆ ವಹಿಸಿದಾಗ, ಅಲ್ಲಿನ ರಾಬ್ ಗರ್ವಿಟ್ಜ್ ಅವರು ಮೊದಲ ರೂಪವನ್ನು ಬರೆದರು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬಿಲ್ ಜಾಯ್ ಅವರು ಅದನ್ನು ಗಣನೀಯವಾಗಿ ಪರಿಷ್ಕರಿಸಿದರು. ಹೀಗೆ ಸಿದ್ಧವಾದ 4.2 ಬಿಎಸ್‌ಡಿ ಎಂಬ ಬರ್ಕ್ಲಿಯ ಯೂನಿಕ್ಸ್ ಆವೃತ್ತಿಯು 1983ರ ಆಗಸ್ಟ್‌ನಲ್ಲಿ ಹೊರಬಂದಿತು.

ಬರೆದುದು ಸರಿಯಾಗಿದೆಯೆಂದು ತಿಳಿಯುವ ಬಗೆ ಹೇಗೆ? ಅಂತರಜಾಲದ ಆದ್ಯರಲ್ಲೊಬ್ಬರಾದ ಜಾನ್ ಪೋಸ್ಟೆಲ್ ಅವರು ಟಿಸಿಪಿಯ ಆರಂಭದ ದಿನಗಳಲ್ಲಿ, ಬೇರೆ ಬೇರೆ ಸಂಸ್ಥೆಗಳಲ್ಲಿ ಬೇರೆ ಬೇರೆ ಜನರು ಬರೆದ ಸ್ಟ್ಯಾಕುಗಳನ್ನು ಒಂದರೊಡನೊಂದು ಮಾತಿಗೆ ಹಚ್ಚಿ ಪರೀಕ್ಷಿಸುವ ಸ್ಪರ್ಧೆಗಳನ್ನು ಏರ್ಪಡಿಸಿದ್ದರು. ಅವುಗಳ ಅಂಕಪಟ್ಟಿಯನ್ನು 1987ರಲ್ಲಿ ಆರ್‌ಎಫ್‌ಸಿ 1025 ಎಂಬ ದಾಖಲೆಯಾಗಿ ಪ್ರಕಟಿಸಿದರು. ಅದರ ಪ್ರಕಾರ, ಯಂತ್ರವು ತನ್ನೊಡನೆ ತಾನೇ ಸಂಪರ್ಕವನ್ನು ತೆರೆದರೆ ಒಂದು ಅಂಕ. ತನಗೆ ತಾನೇ ಏನನ್ನಾದರೂ ಹೇಳಿಕೊಂಡರೆ ಇನ್ನೊಂದು. ಆ ಸಂಭಾಷಣೆಯನ್ನು ಕುಸಿದುಬೀಳದೆ ಸೌಜನ್ಯದಿಂದ ಮುಗಿಸಿದರೆ ಮತ್ತೊಂದು. ಪರರೊಡನೆ ಮಾತನಾಡಿದವರಿಗೆ ಹೆಚ್ಚಿನ ಅಂಕ. ಏಕಕಾಲದಲ್ಲಿ ಹಲವರೊಡನೆ ಮಾತನಾಡಬಲ್ಲವರಿಗೆ ಹತ್ತು. ನಿಯಮಬದ್ಧವಾದ ಪ್ಯಾಕೆಟ್ಟುಗಳಿಂದಲೇ ಎದುರಾಳಿಯನ್ನು ಕೆಡವಿದವರಿಗೆ ಮೂವತ್ತು. ತನ್ನ ಕೃತಿಯು ಅನ್ಯರ ಕೃತಿಯೊಡನೆ ಹೊಂದಿಕೊಂಡು ನಡೆದಲ್ಲದೆ ಅದಕ್ಕೆ ಪೂರ್ಣತೆಯಿಲ್ಲವೆಂಬ ಈ ಪರೀಕ್ಷಾಕ್ರಮದಲ್ಲಿ ಒಂದು ಉದಾತ್ತತೆಯಿದೆಯೆಂದೇ ನಾನು ತಿಳಿದಿದ್ದೇನೆ. ಪದರಗಳ ಹೆಸರುಗಳನ್ನು ಕಂಠಪಾಠ ಮಾಡಿಸಿ, ಒಂದು ಪ್ಯಾಕೆಟ್ಟನ್ನೂ ಕಣ್ಣಿಗೆ ಕಾಣಿಸದೆ ಪದವಿಯನ್ನು ಕೊಟ್ಟು ಕಳುಹಿಸುವ ತರಗತಿಗಳಿಗೆ ಈ ಪುಟ್ಟ ಅಂಕಪಟ್ಟಿಯೊಂದನ್ನು ತಂದುಕೊಡಬಾರದೆ?

ಆದರೆ ಯಾವ ಅಂಕಪಟ್ಟಿಯೂ ಮುಂಗಾಣದಿದ್ದ ವಿಪತ್ತೊಂದು 1986ರ ಅಕ್ಟೋಬರಿನಲ್ಲಿ ಒದಗಿತು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೂ ನಡುವಿನ ಅಂತರ ಕೇವಲ 400 ಗಜ. ಅವುಗಳ ನಡುವೆ ಸೆಕೆಂಡಿಗೆ 32,000 ಬಿಟ್‌ಗಳಂತೆ ಹರಿಯುತ್ತಿದ್ದ ಮಾಹಿತಿಯು ಏಕಾಏಕಿ 40 ಬಿಟ್‌ಗಳಿಗೆ ಇಳಿಯಿತು. ದಾರಿಯು ತುಂಬಿ ಪ್ಯಾಕೆಟ್ಟುಗಳು ಬಿದ್ದುಹೋಗುತ್ತಿದ್ದಂತೆ, ಉತ್ತರ ಬಾರದೆ ಆತುರಗೊಂಡ ಯಂತ್ರಗಳು ಅವನ್ನೇ ಮತ್ತೆ ಮತ್ತೆ ಸುರಿದು, ತುಂಬಿದ್ದ ದಾರಿಯನ್ನು ಇನ್ನಷ್ಟು ತುಂಬಿಸುತ್ತಿದ್ದವು. ಮಂಡ್ಯದವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟಾಗ ಮೇಲಿನವರೆಲ್ಲ ತಮ್ಮ ತೂಬುಗಳನ್ನು ಪೂರ್ತಿ ಎತ್ತಿಕೊಂಡರೆ, ಕೊನೆ ಭಾಗದ ಮದ್ದೂರು, ಮಳವಳ್ಳಿಯ ಗದ್ದೆಗಳ ಪಾಡು ಏನಾಗುವುದೆಂಬುದನ್ನು ಇಲ್ಲಿನ ಮಕ್ಕಳೂ ಬಲ್ಲರು. ನಾಲೆಗಾದರೆ ಎಂಜಿನಿಯರುಂಟು, ಸರದಿಯ ಕಟ್ಟುಂಟು, ಊರಿಗೊಬ್ಬ ನೀರುಗಂಟಿಯುಂಟು. ಜಾಲದಲ್ಲಿಯಾದರೋ ಅಂತಹ ನೀರುಗಂಟಿಯೇ ಇಲ್ಲ. ಪ್ರತಿಯೊಬ್ಬನೂ ತನ್ನ ತೂಬನ್ನು ತಾನೇ ಅರಿತು ಇಳಿಸಿಕೊಳ್ಳಬೇಕು.

ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ವ್ಯಾನ್ ಜೇಕಬ್‌ಸನ್ ಅವರು ಬರ್ಕ್ಲಿಯ ಮೈಕ್ ಕ್ಯಾರಲ್ಸ್ ಅವರೊಡಗೂಡಿ ಈ ಸಂಯಮವನ್ನೇ ಸ್ಟ್ಯಾಕಿನೊಳಗೆ ಬರೆದರು. ಮೊದಲು ಒಂದೇ ಪ್ಯಾಕೆಟ್ಟನ್ನು ಕಳುಹಿಸುವುದು; ಸ್ವೀಕೃತಿ ಬಂದಂತೆಲ್ಲ ಹೆಚ್ಚಿಸುತ್ತ ಹೋಗುವುದು; ಒಂದು ಪ್ಯಾಕೆಟ್ಟು ಕಳೆದುಹೋದರೆ ಅದನ್ನು ದಾರಿ ತುಂಬಿದುದರ ಸೂಚನೆಯೆಂದು ಗ್ರಹಿಸಿ, ತನ್ನ ವೇಗವನ್ನು ತಾನೇ ತಗ್ಗಿಸುವುದು. ಅವರು ಅಳವಡಿಸಿದ ಏಳು ವಿಧಾನಗಳಲ್ಲಿ ಐದರ ವಿವರಣೆಯು 1988ರ ಪ್ರಬಂಧದಲ್ಲಿದೆ. ಯಾವ ಸಾಲು ವಿಪತ್ತಿಗೆ ಕಾರಣವೆಂದು ಹುಡುಕಲು ಅವರಿಗೆ ಸಾಧ್ಯವಾದದ್ದು ಆ ಸಾಲುಗಳು ಅವರೆದುರು ತೆರೆದಿದ್ದುದರಿಂದ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. ಬರ್ಕ್ಲಿಯವರು 1989ರಲ್ಲಿ ತಮ್ಮ ನೆಟ್‌ವರ್ಕ್ ಭಾಗವನ್ನು ಪ್ರತ್ಯೇಕಿಸಿ, ಎಲ್ಲರೂ ಸ್ವತಂತ್ರವಾಗಿ ಬಳಸಿ ಹಂಚಬಹುದಾದ ಷರತ್ತಿನ ಮೇಲೆ ಹೊರಡಿಸಿದರು. ಲಿನಕ್ಸ್‌ಗಾಗಿ 1992ರಲ್ಲಿ ರಾಸ್ ಬೈರೊ ಅವರು ಬೇರೆಯದೇ ಸ್ಟ್ಯಾಕೊಂದನ್ನು ಆರಂಭಿಸಿದರು. ಫ್ರೆಡ್ ವಾನ್ ಕೆಂಪನ್ ಅದನ್ನು ವಿಸ್ತರಿಸಿದರು. ಆಲನ್ ಕಾಕ್ಸ್ ದೋಷಗಳನ್ನು ಕಳೆದರು. 1994ರ ಮಾರ್ಚಿನಲ್ಲಿ ಲಿನಕ್ಸ್ 1.0 ಪ್ರಕಟವಾಯಿತು. ನಮ್ಮಲ್ಲಿ 1986ರಲ್ಲಿ ಮೊದಲಾದ ಅರ್ನೆಟ್ ಎಂಬ ಶೈಕ್ಷಣಿಕ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಪಾಲ್ಗೊಂಡಿದ್ದಿತು. ಅದೇ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈಯಗಲದ ಯಂತ್ರವು ಲಿನಕ್ಸಿನ ಮೇಲೆಯೇ ನಡೆಯುತ್ತಿದ್ದಿತು.

ಮಂಡ್ಯದಲ್ಲಿ 1962ರಿಂದಲೂ ಎಂಜಿನಿಯರಿಂಗ್ ಶಿಕ್ಷಣವುಂಟು. ಇಲ್ಲಿನ ವಿದ್ಯಾರ್ಥಿಗೆ ಈ ಪರೀಕ್ಷೆಗಳನ್ನೆಲ್ಲ ತಾನೇ ಮಾಡಿ ನೋಡಲು ಹಳೆಯ ಗಣಕಯಂತ್ರವೆರಡು ಇದ್ದರೆ ಸಾಕು. ಲಿನಕ್ಸನ್ನು ಅಳವಡಿಸಿಕೊಂಡು, ಮೈಕ್ ಮ್ಯೂಸ್ ಅವರು 1983ರಲ್ಲಿ ಬರೆದ ಪಿಂಗ್ ಎಂಬ ಪುಟ್ಟ ಸಾಧನದಿಂದ ಮೊದಲು 127.0.0.1 ಎಂಬ ವಿಳಾಸಕ್ಕೆ, ಎಂದರೆ ತನ್ನ ಯಂತ್ರಕ್ಕೇ, ಕರೆಯನ್ನು ಕಳುಹಿಸಬೇಕು. ಅದು ಮರುನುಡಿದರೆ ಒಳಗಿನ ಪದರಗಳು ನೆಟ್ಟಗಿವೆಯೆಂದು ಅರ್ಥ. ಬಳಿಕ ಪಕ್ಕದ ಯಂತ್ರಕ್ಕೆ, ಅನಂತರ ಗೇಟ್‌ವೇಗೆ, ಕಡೆಗೆ ಹೊರಜಗತ್ತಿಗೆ. ಹೀಗೆ ಒಳಗಿನಿಂದ ಹೊರಕ್ಕೆ ನಡೆದರೆ ದೋಷವು ಯಾವ ಮೆಟ್ಟಿಲಿನಲ್ಲಿದೆಯೆಂಬುದು ತಾನಾಗಿ ತಿಳಿಯುತ್ತದೆ. ಎಲ್ಲವೂ ನಡೆದ ಮೇಲೆ ನೆಟ್‌ಎಮ್ ಎಂಬ ಉಪಕರಣದಿಂದ ನೂರರಲ್ಲಿ ಐದು ಪ್ಯಾಕೆಟ್ಟುಗಳನ್ನು ಬೇಕೆಂದೇ ಬೀಳಿಸಿ, ಟಿಸಿಪಿಯು ಹೇಗೆ ತಗ್ಗಿ ಮತ್ತೆ ಏರುವುದೆಂಬುದನ್ನು ಪ್ಯಾಕೆಟ್ಟುಗಳನ್ನು ಕಣ್ಣಿಗೆ ಕಾಣಿಸುವ ವೈರ್‌ಶಾರ್ಕಿನಲ್ಲಿ ನೋಡಬೇಕು. ಆಗಲೂ ಸಂಶಯವುಳಿದರೆ, ಕರ್ನಲ್ಲಿನ ಮೂಲಪಾಠದಲ್ಲಿ ಟಿಸಿಪಿಯ ಕಡತವನ್ನು ತೆರೆಯಬಹುದು. ಅದರ ಶಿರೋಭಾಗದಲ್ಲಿ ರಾಸ್ ಬೈರೊ, ಫ್ರೆಡ್ ವಾನ್ ಕೆಂಪನ್, ಆಲನ್ ಕಾಕ್ಸ್ ಮೊದಲಾದವರ ಹೆಸರುಗಳು ಇಂದಿಗೂ ಇವೆ, ಅವುಗಳ ಕೆಳಗಿನಿಂದಲೇ ತಿದ್ದಲು ಬರುವ ಸಾಲುಗಳು ಮೊದಲಾಗುತ್ತವೆ.