ಸೆಲ್ಫ್ ಮೋಟಾರು ಬಿಚ್ಚುವ ಮುನ್ನ

ಕಾಲುವೆಗೆ ನೀರು ಬಿಟ್ಟರೆಂದರೆ ಕಂಪ್ಲಿ, ರಾಮಸಾಗರದ ಗದ್ದೆ ಬಯಲಿನಲ್ಲಿ ಟ್ರ್ಯಾಕ್ಟರಿಗೆ ಬಿಡುವೆಂಬುದಿಲ್ಲ. ಹೊಸಪೇಟೆ, ಹಂಪಿ ಸುತ್ತಿನಲ್ಲಿ ಕಬ್ಬು, ಬಾಳೆ ಸಾಗಿಸುವ ಗಾಡಿಗಳಿಗೂ ಅಷ್ಟೇ ಕೆಲಸ. ಇಂಥ ಹೊತ್ತಿನಲ್ಲಿ ಬೆಳಿಗ್ಗೆ ಕೀಲಿ ತಿರುವಿದರೆ ‘ಟಕ್’ ಎಂದು ಒಂದೇ ಸದ್ದು, ಇಂಜಿನು ಅಲುಗಾಡದು. ಕೂಲಿಯವರು ಬದುವಿನ ಮೇಲೆ ಕಾದು ಕುಳಿತಿರುತ್ತಾರೆ. ಮೆಕ್ಯಾನಿಕ್ ಪೇಟೆಯಿಂದ ಬರಬೇಕು. ಸೆಲ್ಫ್ ಮೋಟಾರನ್ನು ಬಿಚ್ಚಿ ಪೇಟೆಗೆ ಒಯ್ದರೆ ಒಂದು ದಿನ ಹೋಯಿತು, ಹಣವೂ ಹೋಯಿತು. ಕೊನೆಗೆ ನೋಡಿದರೆ ಕೆಟ್ಟದ್ದು ಮೋಟಾರಲ್ಲ, ಬ್ಯಾಟರಿಯ ತಲೆಗೆ ಬಿಗಿದ ವೈರು ಸಡಿಲವಾಗಿತ್ತು ಎಂದು ತಿಳಿಯುವುದು ಅಪರೂಪವೇನಲ್ಲ.

ಕಾರು, ಜೀಪು, ಟ್ರ್ಯಾಕ್ಟರು ಯಾವುದೇ ಇರಲಿ, ಸೆಲ್ಫಿನ ಏರ್ಪಾಡು ಮೂಲತಃ ಒಂದೇ. ಆದ್ದರಿಂದ ಮೋಟಾರಿಗೆ ಪಾನಾ ಹಾಕುವ ಮೊದಲು ಬ್ಯಾಟರಿಯಿಂದ ಮೋಟಾರಿನವರೆಗೆ ವಿದ್ಯುತ್ತು ಹರಿಯುವ ದಾರಿಯನ್ನು ಒಮ್ಮೆ ನೋಡುವುದು ಲೇಸು. ಇದನ್ನು ಮನೆಯಲ್ಲೇ ಮಾಡಬಹುದು.

ಕೆಲಸ ಮಾಡುವ ಬಗೆ

ಹಿಂದೆ ಜೀಪಿನ ಮುಂದೆ ಹ್ಯಾಂಡಲು ತೂರಿಸಿ ತಿರುವುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಹ್ಯಾಂಡಲು ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಈ ತಾಪತ್ರಯ ಕ್ರಮೇಣ ತಪ್ಪಿತು.

ಕೀಲಿ ತಿರುವಿದಾಗ ಸಣ್ಣ ವೈರಿನ ಮೂಲಕ ಸೊಲೆನಾಯ್ಡಿಗೆ ವಿದ್ಯುತ್ತು ಹೋಗುತ್ತದೆ. ಅದು ಪಿನಿಯನ್ ಹಲ್ಲನ್ನು ಫ್ಲೈವೀಲಿನ ಹಲ್ಲಿಗೆ ಕೂಡಿಸಿ, ದಪ್ಪ ವೈರಿನ ವಿದ್ಯುತ್ತನ್ನು ಮೋಟಾರಿಗೆ ಬಿಡುತ್ತದೆ. ಮೋಟಾರು ತಿರುಗಿ ಇಂಜಿನನ್ನು ತಿರುಗಿಸುತ್ತದೆ. ವಿದ್ಯುತ್ತು ಇಂಜಿನಿನ ಕಬ್ಬಿಣದ ಮೂಲಕ ಅರ್ತ್ ವೈರು ಸೇರಿ ಬ್ಯಾಟರಿಗೆ ಮರಳುತ್ತದೆ. ಹೋಗುವ ದಾರಿಯಷ್ಟೇ ಮರಳುವ ದಾರಿಯೂ ಮುಖ್ಯ.

‘ದೀಪ ಚೆನ್ನಾಗಿ ಉರಿಯುತ್ತದೆ, ಬ್ಯಾಟರಿ ಸರಿಯಿದೆ’ ಎಂದು ಹಲವರು ಹೇಳುವುದುಂಟು. ಮುಂದಿನ ಎರಡು ದೀಪಗಳಿಗೆ ಸುಮಾರು 10 ಆಂಪಿಯರ್ ಸಾಕು. ಸೆಲ್ಫಿಗೆ ಕಾರಿನಲ್ಲಿ 100ರಿಂದ 200, ಡೀಸೆಲ್ ಟ್ರ್ಯಾಕ್ಟರಿನಲ್ಲಿ ಅದಕ್ಕಿಂತ ಹೆಚ್ಚು ಬೇಕಾಗಬಹುದು. ತೂಬಿನ ಬಳಿ ತುಂಬಿ ಹರಿದ ನೀರು ನಡುವೆ ಹೂಳಿದ್ದರೆ ಕೊನೆಯ ಗದ್ದೆಗೆ ಮುಟ್ಟುವುದಿಲ್ಲ. ಕಾಲುವೆಯ ಕೊನೆ ಭಾಗದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ತುಕ್ಕು ಹಿಡಿದ ಜೋಡಣೆಯೂ ಅಂತಹ ಹೂಳೇ.

ಸದ್ದು ಕೇಳಿ ದೋಷ ಗುರುತಿಸಿ

ಮೊದಲು ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಡಿ. ವಾಹನ ನಡೆಸಲು ಬಲ್ಲ ಇನ್ನೊಬ್ಬರನ್ನು ಸೀಟಿನಲ್ಲಿ ಕೂರಿಸಿ, ಮುಂದಿನ ದೀಪ ಹಾಕಿ ಕೀಲಿ ತಿರುವಿಸಿ.

* ಸದ್ದೂ ಇಲ್ಲ, ದೀಪವೂ ಇಲ್ಲ: ಬ್ಯಾಟರಿ ಪೂರ್ತಿ ಇಳಿದಿದೆ, ಇಲ್ಲವೇ ಬ್ಯಾಟರಿ ತಲೆಯ ವೈರು ಅಥವಾ ಅರ್ತ್ ವೈರು ಬಿಟ್ಟಿದೆ.
* ದೀಪ ಪ್ರಖರವಾಗಿಯೇ ಇದೆ, ಸದ್ದಿಲ್ಲ: ಫ್ಯೂಸು, ಕೀಲಿ ಸ್ವಿಚ್ಚು, ಕ್ಲಚ್ಚು ಅಥವಾ ಗೇರಿನ ಸುರಕ್ಷತಾ ಸ್ವಿಚ್ಚು, ಸೊಲೆನಾಯ್ಡಿನ ಸಣ್ಣ ವೈರು ನೋಡಬೇಕು. ಕ್ಲಚ್ಚು ಪೂರ್ತಿ ಒತ್ತದಿದ್ದರೂ ಕೆಲವು ಗಾಡಿಗಳಲ್ಲಿ ಸೆಲ್ಫ್ ಹೊಡೆಯದು.
* ‘ಟಕ್ ಟಕ್ ಟಕ್’ ಎಂಬ ಸದ್ದು, ದೀಪ ಮಂಕು: ಬ್ಯಾಟರಿ ಇಳಿದಿದೆ ಅಥವಾ ಜೋಡಣೆ ಕೆಟ್ಟಿದೆ.
* ಒಂದೇ ‘ಟಕ್’: ದಪ್ಪ ವೈರು, ಸೊಲೆನಾಯ್ಡಿನ ಒಳ ಸಂಪರ್ಕ ಅಥವಾ ಮೋಟಾರಿನ ಕಾರ್ಬನ್ ಸವೆದಿರಬಹುದು.
* ಮೋಟಾರು ‘ಗುಂಯ್’ ಎಂದು ತಿರುಗುತ್ತದೆ, ಇಂಜಿನು ತಿರುಗದು: ಪಿನಿಯನ್ ಅಥವಾ ಫ್ಲೈವೀಲಿನ ಹಲ್ಲಿನ ದೋಷ. ಇದು ಮೆಕ್ಯಾನಿಕ್ ಕೆಲಸ.
* ಇಂಜಿನು ಚೆನ್ನಾಗಿ ತಿರುಗಿಯೂ ಚಾಲೂ ಆಗದು: ಸೆಲ್ಫಿನ ತಪ್ಪಲ್ಲ. ಎಣ್ಣೆ, ಅದರ ಪೈಪಿನಲ್ಲಿ ಸೇರಿದ ಗಾಳಿ, ಸ್ಟಾಪ್ ಗುಂಡಿ ನೋಡಿ.

ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ಮತ್ತೆ ಹೊಡೆಯುವ ಮುನ್ನ ಒಂದು ನಿಮಿಷ ಬಿಡಬೇಕು. ಬಿಡದೆ ಹೊಡೆದರೆ ಕೆಡದ ಮೋಟಾರೂ ಸುಟ್ಟುಹೋದೀತು.

ಹತ್ತು ನಿಮಿಷದ ಪರೀಕ್ಷೆ

ರಾತ್ರಿ ನಿಂತ ಗಾಡಿಯ 12 ವೋಲ್ಟ್ ಬ್ಯಾಟರಿಯನ್ನು ಮೀಟರಿನಿಂದ ಅಳೆದರೆ ಸುಮಾರು 12.6 ವೋಲ್ಟ್ ತೋರಿಸಬೇಕು. 12.2 ಇದ್ದರೆ ಅರ್ಧ ಇಳಿದಿದೆ ಎಂದರ್ಥ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿಯನ್ನು ಮೊದಲು ಚಾರ್ಜ್ ಮಾಡಿಸಿ ನೋಡಿ. ಇಂಜಿನು ಚಾಲೂ ಆದ ಮೇಲೆ ಸುಮಾರು 14 ವೋಲ್ಟ್ ಬರಬೇಕು. ಬಾರದಿದ್ದರೆ ದೋಷ ಡೈನಮೋ ಕಡೆಗಿದೆ. ಎಷ್ಟು ಹೊಸ ಬ್ಯಾಟರಿ ಹಾಕಿದರೂ ಉಪಯೋಗವಿಲ್ಲ. ಡೈನಮೋ ಪರೀಕ್ಷೆಗೆಂದು ಇಂಜಿನು ಓಡುವಾಗ ಬ್ಯಾಟರಿ ವೈರು ಕೀಳುವ ಹಳೆಯ ಪದ್ಧತಿಯನ್ನು ಬಿಡಬೇಕು. ಈಗಿನ ಕಾರುಗಳ ಎಲೆಕ್ಟ್ರಾನಿಕ್ ಭಾಗಗಳು ಅದರಿಂದ ಸುಡುತ್ತವೆ.

ಬ್ಯಾಟರಿಯ ಧನ ತಲೆಗೂ ಮೋಟಾರಿನ ದಪ್ಪ ವೈರಿನ ಬೋಲ್ಟಿಗೂ ಮೀಟರಿನ ಎರಡು ಕಡ್ಡಿ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ತಡೆಯಿದೆ. ಹಾಗೆಯೇ ಋಣ ತಲೆಗೂ ಇಂಜಿನಿನ ಬರಿಯ ಲೋಹಕ್ಕೂ ಇಟ್ಟು ನೋಡಿ, ಇಲ್ಲಿ 0.3 ವೋಲ್ಟ್ ಮೀರಬಾರದು. ಮೀಟರು ಇಲ್ಲದವರು ಸೆಲ್ಫ್ ಹೊಡೆದು, ಕೀಲಿ ತೆಗೆದು, ಜೋಡಣೆಗಳ ಬಳಿ ಕೈ ಒಯ್ದು ನೋಡಬಹುದು. ಯಾವುದು ಬಿಸಿಯಾಗಿದೆಯೋ ಅದೇ ಕೆಟ್ಟ ಜೋಡಣೆ.

ಶುಚಿಯೇ ಅರ್ಧ ದುರಸ್ತಿ

ಬ್ಯಾಟರಿ ಬಿಚ್ಚುವಾಗ ಅರ್ತ್ ವೈರನ್ನು ಮೊದಲು ತೆಗೆಯಬೇಕು, ಕೂಡಿಸುವಾಗ ಕೊನೆಗೆ ಹಾಕಬೇಕು. ಉಂಗುರ, ಕಡಗ ತೆಗೆದಿಡಿ. ಬ್ಯಾಟರಿಯಿಂದ ಹೊರಡುವ ಅನಿಲ ಬೆಂಕಿ ತಾಗಿದರೆ ಸಿಡಿಯುತ್ತದೆ. ಬೀಡಿ ಹತ್ತಿರ ಬರಕೂಡದು. ತಲೆಗೆ ಕಟ್ಟಿದ ಬಿಳಿ, ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಉಪ್ಪು ಕಾಗದದಿಂದ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಬೇಕು. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ನೀರನ್ನೇ ಹಾಕಿ, ಕೊಳವೆಬಾವಿಯ ನೀರನ್ನಲ್ಲ.

ಕೇಜ್ ವೀಲ್ ಕಟ್ಟಿ ಕೆಸರಿನಲ್ಲಿ ಉತ್ತ ಟ್ರ್ಯಾಕ್ಟರಿನ ಅರ್ತ್ ಬೋಲ್ಟು ಕೆಸರಿನ ಕೆಳಗೆ ತುಕ್ಕು ಹಿಡಿಯುತ್ತದೆ. ಸಂಡೂರು ಕಡೆ ಗಣಿ ರಸ್ತೆಯ ಕೆಂಪು ಧೂಳು ಎಣ್ಣೆಯ ಜಿಡ್ಡಿಗೆ ಅಂಟಿ, ತೇವ ಹಿಡಿದು ಜೋಡಣೆಗಳ ಮೇಲೆ ಪದರವಾಗಿ ಕೂರುತ್ತದೆ. ಕಬ್ಬಿನ ರವದಿ, ಹುಲ್ಲಿನ ಬಣವೆಯ ಬಳಿ ನಿಲ್ಲಿಸಿದ ಗಾಡಿಯ ವೈರನ್ನು ಇಲಿ ಕಡಿಯುತ್ತದೆ. ಹಂಗಾಮಿಗೆ ಮುನ್ನ ಒಮ್ಮೆ ನೋಡಿಕೊಂಡರೆ ಸಾಕು. ಫ್ಯೂಸು ಸುಟ್ಟರೆ ಅಷ್ಟೇ ಆಂಪಿಯರಿನದನ್ನು ಹಾಕಿ. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನೋ ದಪ್ಪ ತಂತಿಯನ್ನೋ ಸಿಕ್ಕಿಸಿದರೆ ಮುಂದೆ ಸುಡುವುದು ಗಾಡಿ.

ಈ ಎರಡು ತಪ್ಪು ಬೇಡ

ಬ್ಯಾಟರಿ ಇಳಿದಾಗ ಎದುರಿಗೆ ಸಿಕ್ಕ ಅದಿರು ಲಾರಿಯಿಂದ ವೈರು ಎಳೆಯುವ ಆಸೆಯಾಗುತ್ತದೆ. ಹಲವು ದೊಡ್ಡ ಲಾರಿ, ಟಿಪ್ಪರುಗಳಲ್ಲಿರುವುದು 24 ವೋಲ್ಟ್. ಅದನ್ನು 12 ವೋಲ್ಟಿನ ಕಾರಿಗೋ ಟ್ರ್ಯಾಕ್ಟರಿಗೋ ಕೊಟ್ಟರೆ ಬ್ಯಾಟರಿಯೇ ಸಿಡಿಯಬಹುದು. ಕೇಳಿ ತಿಳಿದ ಮೇಲೆ ಮಾತ್ರ ಕೂಡಿಸಿ. ಋಣದ ವೈರನ್ನು ಕೊನೆಗೆ, ಬ್ಯಾಟರಿಯಿಂದ ದೂರ, ಕೆಟ್ಟ ಗಾಡಿಯ ಇಂಜಿನಿನ ಲೋಹಕ್ಕೆ ಹಾಕಬೇಕು.

ಎರಡನೆಯದು ಪ್ರಾಣಕ್ಕೇ ಕುತ್ತು. ನೆಲದ ಮೇಲೆ ನಿಂತು ಸೊಲೆನಾಯ್ಡಿನ ಎರಡು ಬೋಲ್ಟಿಗೆ ಸ್ಕ್ರೂಡ್ರೈವರು ಅಡ್ಡ ಇಟ್ಟು ಟ್ರ್ಯಾಕ್ಟರು ಚಾಲೂ ಮಾಡುವ ರೂಢಿ ಕೆಲವರಲ್ಲಿದೆ. ಹೀಗೆ ಮಾಡಿದಾಗ ಕ್ಲಚ್ಚು, ಗೇರಿನ ಸುರಕ್ಷತಾ ಸ್ವಿಚ್ಚು ಕೆಲಸಕ್ಕೆ ಬಾರದು. ಗೇರು ಬಿದ್ದಿದ್ದರೆ ಟ್ರ್ಯಾಕ್ಟರು ಒಮ್ಮೆಲೆ ಮುನ್ನುಗ್ಗುತ್ತದೆ. ನಿಂತವನು ಇರುವುದು ಹಿಂದಿನ ದೊಡ್ಡ ಚಕ್ರದ ಮುಂದೆ. ಪಕ್ಕಕ್ಕೆ ಸರಿಯಲು ಸಮಯವಿರದು. ಹೀಗೆ ಸತ್ತವರು ಹಲವು ದೇಶಗಳಲ್ಲಿ ಇದ್ದಾರೆ.

ಒಂದು ಮೀಟರು, ಎರಡು ಪಾನಾ, ಉಪ್ಪು ಕಾಗದ, ವ್ಯಾಸಲೀನ್ ಡಬ್ಬಿ, ನಾಲ್ಕು ಫ್ಯೂಸು ಟೂಲ್ ಬಾಕ್ಸಿನಲ್ಲಿರಲಿ. ಇವುಗಳಿಂದ ಆಗದ ದೋಷವಾದರೆ ಮೆಕ್ಯಾನಿಕ್‌ಗೆ ಹೇಳಿ ಕಳುಹಿಸಿ. ಅವರು ಬರುವವರೆಗೆ ನಾಟಿ ಒಂದು ದಿನ ತಡವಾದರೂ ಚಿಂತೆಯಿಲ್ಲ. ಸ್ಕ್ರೂಡ್ರೈವರು ಮಾತ್ರ ಹಿಡಿಯಬೇಡಿ.