ಕೆಟ್ಟ ಫ್ರಿಜ್ಜಿಗೆ ತೂತು ಎಲ್ಲಿ ಹಾಕಬೇಕು?

ನಿಮ್ಮ ಓಣಿಯಲ್ಲಿ ತಂಪು ಮಾಡದ ಫ್ರಿಜ್ಜುಗಳು ಎಷ್ಟಿವೆ ಅಂತ ಒಮ್ಮೆ ಎಣಿಸಿ ನೋಡಿ. ನಮ್ಮ ಕೋಸಗಿಯಲ್ಲಿ ನಾನು ಕಂಡ ಹಾಗೆ ಕೆಟ್ಟ ಫ್ರಿಜ್ಜನ್ನು ಯಾರೂ ಕೂಡಲೇ ಬಿಸಾಕುವುದಿಲ್ಲ. ಮೊದಲು ಅದು ಬೀರು ಆಗುತ್ತದೆ. ಜೋಳದ ಹಿಟ್ಟು, ಪಾಸ್‌ಬುಕ್ಕು, ಮದುವೆ ಪತ್ರಿಕೆ ಎಲ್ಲಾ ಅದರೊಳಗೆ. ಆಮೇಲೆ ಹಿತ್ತಲಿಗೆ ಹೋಗುತ್ತದೆ, ಅದರಲ್ಲಿ ಕೋಳಿ ಕಾವಿಗೆ ಕೂರುತ್ತದೆ. ಕೊನೆಗೆ ಹಳೇ ಸಾಮಾನಿನವನು ಬಂದು ಹಿಂದಿನ ಕಂಪ್ರೆಸರ್ ಬಿಚ್ಚಿಕೊಂಡು ಹೋಗುತ್ತಾನೆ. ಯಾಕಂದ್ರೆ ಅದರಲ್ಲಿ ತಾಮ್ರ ಇದೆ, ಕಬ್ಬಿಣ ಇದೆ, ತೂಕಕ್ಕೆ ರೊಕ್ಕ ಬರುತ್ತದೆ. ಉಳಿದ ಪೆಟ್ಟಿಗೆಯಲ್ಲಿ ತಗಡು, ಪ್ಲಾಸ್ಟಿಕ್, ನೊರೆ ಮೂರೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಡಿಸುವ ಕೂಲಿಯೂ ಹುಟ್ಟುವುದಿಲ್ಲ. ಅದು ಬಿದ್ದಲ್ಲೇ ಬಿದ್ದಿರುತ್ತದೆ.

ಆ ಪೆಟ್ಟಿಗೆಯನ್ನು ಬೆನ್ನಿನ ಮೇಲೆ ಮಲಗಿಸಿ ಮಣ್ಣು ತುಂಬಿದರೆ ಸೊಪ್ಪು, ತರಕಾರಿ ಬೆಳೆಯುವ ಎತ್ತರದ ಮಡಿ ಆಗುತ್ತದೆ. ನಮ್ಮ ಹಿತ್ತಲಲ್ಲಿ ಒಂದಿದೆ. ಮೊದಲ ವರ್ಷ ಅದರಲ್ಲಿ ಹಾಕಿದ ಟೊಮ್ಯಾಟೊ ಎಲ್ಲಾ ಸತ್ತವು. ತಪ್ಪು ನನ್ನದೇ. ಬಿ.ಎಸ್ಸಿ. ಓದಿದವನು ಮಾಡಬಾರದ ತಪ್ಪು ಅದು. ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಎರಡು ಎಚ್ಚರಿಕೆ.

ಮೊದಲು ಬಾಗಿಲು, ಆಮೇಲೆ ಅನಿಲ

ಫ್ರಿಜ್ಜು ಮನೆಯಿಂದ ಹೊರಗೆ ಬಂದ ದಿನವೇ ದೊಡ್ಡವರಿಗೆ ಹೇಳಿ ಬಾಗಿಲು ಕಳಚಿಸಿ. ಕಣ್ಣಾಮುಚ್ಚಾಲೆ ಆಡುವ ಸಣ್ಣ ಮಕ್ಕಳು ಒಳಗೆ ಕೂತು ಬಾಗಿಲು ಎಳೆದುಕೊಂಡರೆ ಗಾಳಿ ಆಡುವುದಿಲ್ಲ, ಕೂಗಿದರೆ ಹೊರಗೆ ಸರಿಯಾಗಿ ಕೇಳಿಸುವುದೂ ಇಲ್ಲ. ಹೀಗೆ ಮಕ್ಕಳು ಸತ್ತದ್ದರಿಂದಲೇ ಅಮೆರಿಕದಲ್ಲಿ 1956ರಲ್ಲಿ, ಫ್ರಿಜ್ಜಿನ ಬಾಗಿಲು ಒಳಗಿನಿಂದಲೂ ತೆರೆಯುವಂತೆ ಇರಬೇಕು ಅಂತ ಕಾನೂನೇ ಬಂತು. ಈಗಿನ ಬಾಗಿಲುಗಳಿಗೆ ಕೊಂಡಿ ಇಲ್ಲ, ಅಂಚಿನ ರಬ್ಬರಿನೊಳಗಿನ ಅಯಸ್ಕಾಂತದ ಪಟ್ಟಿಯೇ ಹಿಡಿದುಕೊಳ್ಳುತ್ತದೆ. ಆದರೂ ಬಾಗಿಲು ತೆಗೆಯಲೇಬೇಕು. (ಆ ಪಟ್ಟಿಯನ್ನು ಎಸೆಯಬೇಡಿ, ಶಾಲೆಗೆ ತನ್ನಿ. ಬಾಗುವ ಅಯಸ್ಕಾಂತ ನಮ್ಮ ಪ್ರಯೋಗಾಲಯದಲ್ಲಿ ಬೇರೆ ಇಲ್ಲ.)

ಎರಡನೆಯದು ಅನಿಲ. ಫ್ರಿಜ್ಜಿನ ನಳಿಕೆಯಲ್ಲಿ ಸುತ್ತುವ ಅನಿಲದ ಹೆಸರು ಹಿಂದಿನ ಚೀಟಿಯಲ್ಲಿ ಇರುತ್ತದೆ. ಆರ್-12 ಅಂತಿದ್ದರೆ ಅದು ಓಝೋನ್ ಪದರವನ್ನು ತಿನ್ನುವ ಸಿ.ಎಫ್.ಸಿ. ಇದನ್ನು ತಡೆಯಲಿಕ್ಕೆಂದೇ 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದ ಆಯಿತು, ಅದೇ ದಿನ ನಾವು ಶಾಲೆಯಲ್ಲಿ ಓಝೋನ್ ದಿನ ಆಚರಿಸುತ್ತೇವೆ. ಆರ್-134ಎ ಇದ್ದರೆ ಓಝೋನ್‌ಗೆ ತೊಂದರೆ ಇಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 1,400 ಪಟ್ಟು ಜೋರು. ಒಂದು ಫ್ರಿಜ್ಜಿನಲ್ಲಿ 100 ಗ್ರಾಂ ಇದೆ ಅಂತ ಇಟ್ಟುಕೊಂಡರೆ, ಅದನ್ನು ಗಾಳಿಗೆ ಬಿಟ್ಟದ್ದು 140 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಟ್ಟದ್ದಕ್ಕೆ ಸಮ. ಆರ್-600ಎ ಅಂತಿದ್ದರೆ ಅದು ಐಸೋಬ್ಯೂಟೇನ್, ಅಡುಗೆ ಗ್ಯಾಸಿನ ಬಳಗದ್ದು, ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ.

ಆದ್ದರಿಂದ ನಳಿಕೆ ಕತ್ತರಿಸುವುದು ನಿಮ್ಮ ಕೆಲಸ ಅಲ್ಲ, ನನ್ನದೂ ಅಲ್ಲ. ಅನಿಲವನ್ನು ಸಿಲಿಂಡರಿಗೆ ಎಳೆದುಕೊಳ್ಳುವ ಸಾಧನ ಇರುವ ಮೆಕ್ಯಾನಿಕ್ ಅದನ್ನು ಮಾಡಬೇಕು. ಹಿಂದೆ ಕರಿ ಜಾಲರಿ ಕಾಣದ ಹೊಸ ಮಾದರಿಗಳಲ್ಲಿ ನಳಿಕೆ ಪಕ್ಕದ ಗೋಡೆಯೊಳಗೇ ಹೋಗಿರುತ್ತದೆ. ಅನಿಲ ತೆಗೆದಿದ್ದಾರೆ ಅಂತ ಖಾತ್ರಿ ಆಗುವ ತನಕ ಗೋಡೆಗೆ ಡ್ರಿಲ್ ಇಡಬಾರದು. ಗೋಡೆಯ ನೊರೆಯನ್ನು ಸುಡಲೂಬಾರದು. ಅದರ ಹೊಗೆ ವಿಷ, ಹಳೇ ಫ್ರಿಜ್ಜುಗಳಲ್ಲಾದರೆ ನೊರೆಯ ಗುಳ್ಳೆಗಳಲ್ಲೂ ಸಿ.ಎಫ್.ಸಿ. ಕೂತಿರುತ್ತದೆ. ಕಂಪ್ರೆಸರ್, ವೈರು, ಸರ್ಕ್ಯೂಟ್ ಬೋರ್ಡುಗಳನ್ನು ನೋಂದಾಯಿತ ಮರುಬಳಕೆ ಘಟಕಕ್ಕೆ ಕಳಿಸಬೇಕು ಅಂತ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಹೇಳುತ್ತವೆ. ಬೆಂಗಳೂರು ಹತ್ತಿರ ದಾಬಸ್‌ಪೇಟೆಯಲ್ಲಿ 2005ರಲ್ಲಿ ಶುರುವಾದ ಇ-ಪರಿಸರ ಅಂಥ ಮೊದಲ ಘಟಕಗಳಲ್ಲಿ ಒಂದು. ನಮ್ಮ ಊರಿಗೆ ಅದು ದೂರ, ಹೌದು.

ಗೋಡೆಯ ಗುಣ

ಈಗ ಪೆಟ್ಟಿಗೆಗೆ ಬರೋಣ. ಎಣ್ಣೆ ಡಬ್ಬಿಯಲ್ಲೋ ಕಬ್ಬಿಣದ ಬುಟ್ಟಿಯಲ್ಲೋ ಗಿಡ ಹಾಕಿದವರಿಗೆ ಗೊತ್ತು, ಏಪ್ರಿಲ್ ಬಂತು ಅಂದ್ರೆ ಗಿಡ ಬಾಡುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ತಗಡಿನ ಪಕ್ಕಕ್ಕೆ ಬಿಸಿಲು ಬಿದ್ದರೆ ಆ ಶಾಖ ನೇರವಾಗಿ ಬೇರಿಗೆ ಹೋಗುತ್ತದೆ.

ಫ್ರಿಜ್ಜಿನ ಗೋಡೆಯಲ್ಲಿ ಹೊರಗೆ ತಗಡು, ಒಳಗೆ ಪ್ಲಾಸ್ಟಿಕ್, ನಡುವೆ ಪಾಲಿಯುರೆಥೇನ್ ನೊರೆ. ಆ ನೊರೆಗಿಂತ ಉಕ್ಕು ಸುಮಾರು ಎರಡು ಸಾವಿರ ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಒಳಗಿನ ತಂಪು ಉಳಿಯಲಿ ಅಂತ ಮಾಡಿದ ಗೋಡೆ ಹೊರಗಿನ ಬಿಸಿಯನ್ನೂ ತಡೆಯುತ್ತದೆ. ಎರಡೂ ಒಂದೇ ಕೆಲಸ ತಾನೆ? ಕಂಪ್ರೆಸರ್ ಸತ್ತರೂ ಗೋಡೆ ಸತ್ತಿಲ್ಲ. ಮೇಲಿನ ಬಾಯಿ ಮಾತ್ರ ಬಿಸಿಲಿಗೆ ತೆರೆದಿರುತ್ತದೆ. ಅದಕ್ಕೆ ಶೇಂಗಾ ಹೊಟ್ಟು ಇಲ್ಲವೇ ಸಣ್ಣಗೆ ಕಡಿದ ಹತ್ತಿಕಟ್ಟಿಗೆ ಎರಡು ಬೆರಳು ದಪ್ಪ ಹರಡಿ. ಹೊರಗೆ ಸುಣ್ಣ ಬಳಿದರೆ ಇನ್ನೂ ಒಳ್ಳೆಯದು.

ನನ್ನ ಟೊಮ್ಯಾಟೊ ಯಾಕೆ ಸತ್ತವು

ಕುಂಡದಲ್ಲಿ ನೀರು ನಿಲ್ಲಬಾರದು, ಅದಕ್ಕೇ ತಳದಲ್ಲಿ ಜಲ್ಲಿ ಹಾಕಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನೂ ತಳಕ್ಕೆ ನಾಲ್ಕು ತೂತು ಹಾಕಿ, ಒಂದು ಗೇಣು ಜಲ್ಲಿ ಸುರಿದು, ಮೇಲೆ ಇನ್ನೊಂದು ಗೇಣು ಎರೆ ಮಣ್ಣು ಹಾಕಿದೆ. ಸಸಿ ನೆಟ್ಟ ಮೂರು ವಾರಕ್ಕೆ ಎಲೆ ಹಳದಿ ಆಗಿ ಬಾಡತೊಡಗಿದವು. ನೀರು ಸಾಲದೇನೋ ಅಂತ ದಿನಕ್ಕೆ ಎರಡು ಸಲ ಹಾಕಿದೆ. ಇನ್ನೂ ಬಾಡಿದವು. ಕಿತ್ತು ನೋಡಿದರೆ ಬೇರು ಕರ್ರಗೆ, ಕೊಳೆತ ಮೊಟ್ಟೆಯ ವಾಸನೆ. ಕೆಳಗಿನ ಜಲ್ಲಿ ಮಾತ್ರ ಆರಾಮವಾಗಿತ್ತು.

ಯಾಕೆ ಹೀಗಾಯಿತು ಅಂತ ತಿಳಿಯಲು ಪಾತ್ರೆ ತೊಳೆಯುವ ಒಂದು ಉದ್ದನೆಯ ಸ್ಪಂಜು ತಗೊಳ್ಳಿ. ನೀರಲ್ಲಿ ಮುಳುಗಿಸಿ, ಹಿಂಡದೆ ಎತ್ತಿ, ಅಡ್ಡಲಾಗಿ ಹಿಡಿಯಿರಿ. ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಪೂರ್ತಿ ನಿಂತ ಮೇಲೆ ಅದೇ ಸ್ಪಂಜನ್ನು ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ! ಅದೇ ಸ್ಪಂಜು, ಅದೇ ತೂತುಗಳು. ಬದಲಾದದ್ದು ಎತ್ತರ ಒಂದೇ.

ಸಣ್ಣ ಸಂದುಗಳು ನೀರನ್ನು ಹಿಡಿದುಕೊಳ್ಳುತ್ತವೆ, ಅದು ಲೋಮನಾಳ ಕ್ರಿಯೆ. ಮೇಲಿನ ನೀರಿನ ಭಾರ ಆ ಹಿಡಿತವನ್ನು ಮೀರಿದಾಗ ಮಾತ್ರ ನೀರು ಕೆಳಗೆ ಬೀಳುತ್ತದೆ. ಎತ್ತರ ಕಡಿಮೆ ಇದ್ದರೆ ಭಾರ ಸಾಲದು, ನೀರು ಅಲ್ಲೇ ಕೂರುತ್ತದೆ. ಜಲ್ಲಿಯ ಸಂದುಗಳು ದೊಡ್ಡವು, ಅವಕ್ಕೆ ನೀರನ್ನು ಎಳೆಯುವ ಶಕ್ತಿ ಇಲ್ಲ. ಎರೆ ಮಣ್ಣಿನ ಸಂದುಗಳಂತೂ ಬಹಳ ಸಣ್ಣವು, ಅವು ನೀರು ಬಿಡುವುದಿಲ್ಲ. ಹಾಗಾಗಿ ಜಲ್ಲಿ ಹಾಕಿದರೆ ಕೆಸರು ಪದರ ಇಲ್ಲದಂತಾಗುವುದಿಲ್ಲ, ಜಲ್ಲಿಯ ಮೇಲಕ್ಕೆ ಏರಿ ಬೇರಿನ ಹತ್ತಿರ ಬರುತ್ತದೆ. ಬೇರಿಗೂ ಉಸಿರಾಡಲು ಆಕ್ಸಿಜನ್ ಬೇಕು. ನನ್ನ ಟೊಮ್ಯಾಟೊ ನೀರಿಲ್ಲದೆ ಸಾಯಲಿಲ್ಲ, ನೀರಲ್ಲಿ ಮುಳುಗಿ ಸತ್ತವು. ಬಾಡಿದ ಗಿಡ ನೋಡಿದ ಕೂಡಲೇ ತಂಬಿಗೆ ಎತ್ತಬಾರದು ಅಂತ ಆವತ್ತು ಗೊತ್ತಾಯಿತು.

ತೂತು ಪಕ್ಕದಲ್ಲಿ ಇರಲಿ

ಎರಡನೇ ವರ್ಷ ನಾನು ಯೋಚನೆಯನ್ನೇ ತಿರುಗಿಸಿದೆ. ಫ್ರಿಜ್ಜು ನೀರು ಸೋರದ ಪೆಟ್ಟಿಗೆ. ನಮ್ಮ ಊರಲ್ಲಿ ಬೇಸಿಗೆಯಲ್ಲಿ ನೀರಿಗೆ ಕೊಡ ಹಿಡಿದು ಸಾಲು ನಿಲ್ಲುತ್ತೇವೆ. ಅಂಥ ಊರಲ್ಲಿ ತಳಕ್ಕೆ ತೂತು ಕೊರೆದು ನೀರನ್ನು ನೆಲಕ್ಕೆ ಬಿಡುವುದು ಯಾಕೆ? ಮಣ್ಣು ನೀರನ್ನು ಮೇಲಕ್ಕೂ ಎಳೆಯುತ್ತದಲ್ಲ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ!

ಹೀಗೆ ಮಾಡಿ. ಒಳಗಿನ ಹಳೇ ತೂತುಗಳನ್ನು (ಹಿಂದುಗಡೆ ನೀರು ಇಳಿಯುವ ತೂತು ಒಂದು ಇದ್ದೇ ಇರುತ್ತದೆ) ಎಂ-ಸೀಲ್ ಹಾಕಿ ಮುಚ್ಚಿ. ಪಕ್ಕದ ಗೋಡೆಯಲ್ಲಿ ತಳದಿಂದ 12 ಸೆಂ.ಮೀ. ಎತ್ತರದಲ್ಲಿ ಒಂದೇ ಒಂದು ತೂತು ದೊಡ್ಡವರಿಂದ ಹಾಕಿಸಿ, ಅದರಲ್ಲಿ ತುಂಡು ಪೈಪು ಕೂರಿಸಿ ಸುತ್ತ ಮುಚ್ಚಿ. ಗೋಡೆಯ ನೊರೆಗೆ ನೀರು ತಾಗಬಾರದು. ಮೂಲೆಯಲ್ಲಿ ತಳ ಮುಟ್ಟುವ ಹಾಗೆ ಒಂದು ಪಿ.ವಿ.ಸಿ. ಪೈಪು ನೆಟ್ಟಗೆ ನಿಲ್ಲಿಸಿ. 12 ಸೆಂ.ಮೀ. ತನಕ ದಪ್ಪ ಮರಳು, ಅದರ ಮೇಲೆ ಹಳೇ ಸೊಳ್ಳೆಪರದೆ, ಆಮೇಲೆ ಬಾಯಿ ತನಕ ಮಣ್ಣು. ಬರೀ ಎರೆ ಬೇಡ. ಅದು ಒಣಗಿದರೆ ಕುಗ್ಗಿ ಗೋಡೆ ಬಿಡುತ್ತದೆ, ಹಾಕಿದ ನೀರು ಬಿರುಕಲ್ಲೇ ಇಳಿದುಹೋಗುತ್ತದೆ. ಒಂದು ಪಾಲು ಎರೆ, ಒಂದು ಪಾಲು ಮಸಾರಿ, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಕಲಸಿ. ಮೊದಲ ಎರಡು ವಾರ ಮೇಲಿನಿಂದಲೇ ನೀರು ಹಾಕಿ. ಬೇರು ಇಳಿದ ಮೇಲೆ ಪೈಪಿನಲ್ಲಿ ಹಾಕಿ, ಪಕ್ಕದ ತೂತಿನಿಂದ ಹನಿ ಬಂದರೆ ನಿಲ್ಲಿಸಿ. ಪೈಪಿನ ಬಾಯಿ ಮುಚ್ಚಿಡುವುದು ಮರೆತರೆ ಡೆಂಗ್ಯೂ ಸೊಳ್ಳೆಗೆ ಮನೆ ಕಟ್ಟಿಕೊಟ್ಟಂತೆ.

ಲೆಕ್ಕ ಮಾಡಿ ನೋಡೋಣ. ಒಂದು ಬಾಗಿಲಿನ ಸಣ್ಣ ಫ್ರಿಜ್ಜಿನ ಒಳಗು ಸುಮಾರು 100 ಸೆಂ.ಮೀ. ಉದ್ದ, 42 ಅಗಲ, 40 ಆಳ ಅಂತ ಇಟ್ಟುಕೊಳ್ಳಿ. ಮರಳಿನ ಪದರ 100 × 42 × 12, ಅಂದ್ರೆ 50 ಲೀಟರು. ಮರಳಿನಲ್ಲಿ ಸುಮಾರು 35 ಪಾಲು ಸಂದು ಇರುತ್ತದೆ, ಅಲ್ಲಿಗೆ 17 ಲೀಟರು ನೀರು ಹಿಡಿಯುತ್ತದೆ. ಬೇಸಿಗೆಯಲ್ಲಿ ಗಿಡ, ಮಣ್ಣು ಸೇರಿ ದಿನಕ್ಕೆ 7 ಮಿ.ಮೀ. ನೀರು ಆವಿ ಆಗುತ್ತದೆ ಅಂತ ತಿಳಿಯಿರಿ. ಒಂದು ಚದರ ಮೀಟರಿಗೆ 1 ಮಿ.ಮೀ. ಅಂದ್ರೆ 1 ಲೀಟರು. ನಮ್ಮ ಮಡಿ 0.42 ಚದರ ಮೀಟರು, ಹಾಗಾಗಿ ದಿನಕ್ಕೆ 3 ಲೀಟರಿಗೆ ಸ್ವಲ್ಪ ಕಡಿಮೆ. ಒಂದು ಕೊಡಕ್ಕಿಂತ ತುಸು ಹೆಚ್ಚು ನೀರಲ್ಲಿ ಐದಾರು ದಿನ ನಡೆಯುತ್ತದೆ. ಎರಡು ದಿನ ಊರಿಗೆ ಹೋಗಿ ಬಂದರೂ ಗಿಡ ಬದುಕಿರುತ್ತದೆ.

ಆದರೆ ಇದಕ್ಕೊಂದು ತೊಂದರೆ ಇದೆ. ಕೆಳಗಿನಿಂದ ಏರಿದ ನೀರು ಆವಿಯಾದಾಗ ಅದರ ಲವಣ ಮೇಲೆ ಉಳಿಯುತ್ತದೆ. ಬೋರಿನ ನೀರು ಉಪ್ಪಾಗಿದ್ದರೆ ಕೆಲವೇ ತಿಂಗಳಲ್ಲಿ ಮಣ್ಣಿನ ಮೇಲೆ ಬಿಳಿ ಪೊರೆ ಕಾಣುತ್ತದೆ. ಇದು ನಿಮಗೆ ಹೊಸದಲ್ಲ. ತುಂಗಭದ್ರಾ ಕಾಲುವೆ ಕೆಳಗೆ ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಎಷ್ಟೋ ಹೊಲಗಳು ಸವಳು ಜವಳು ಆದದ್ದೂ ಹೀಗೆಯೇ. ನೀರು ಹೆಚ್ಚಾಗಿ ಅಂತರ್ಜಲ ಮೇಲಕ್ಕೆ ಬಂತು, ಮಣ್ಣು ಅದನ್ನು ಬತ್ತಿಯಂತೆ ಎಳೆಯಿತು, ಬಿಸಿಲು ನೀರು ಒಯ್ದು ಉಪ್ಪನ್ನು ಬಿಟ್ಟಿತು. ಸಾವಿರಾರು ಎಕರೆಯಲ್ಲಿ ಆದದ್ದು ನಿಮ್ಮ ಫ್ರಿಜ್ಜಿನಲ್ಲೂ ಆಗುತ್ತದೆ. ಹೊಲದಲ್ಲಿ ಬಸಿಗಾಲುವೆ ತೋಡುವುದು ದೊಡ್ಡ ಖರ್ಚು. ಇಲ್ಲಿ ಸುಲಭ. ಮಳೆಗಾಲದಲ್ಲಿ ಬಾಯಿ ತೆರೆದಿಡಿ, ಮಳೆ ನೀರು ಮೇಲಿನಿಂದ ಇಳಿದು ಉಪ್ಪನ್ನು ಕರಗಿಸಿ ಪಕ್ಕದ ತೂತಿನಿಂದ ಹೊರಗೆ ಹಾಕುತ್ತದೆ. ಮಳೆ ಕೈಕೊಟ್ಟರೆ ಎರಡು ಮೂರು ಕೊಡ ಸಿಹಿನೀರು ಮೇಲಿನಿಂದಲೇ ಸುರಿಯಿರಿ.

ಮಣ್ಣು ಹಾಕುವ ಮೊದಲೇ ಜಾಗ ಗೊತ್ತು ಮಾಡಿಕೊಳ್ಳಿ, ಆಮೇಲೆ ಸರಿಸಲು ಆಗುವುದಿಲ್ಲ. ಒದ್ದೆ ಮರಳು, ಒದ್ದೆ ಮಣ್ಣು ಸೇರಿ ಹತ್ತಿರ ಹತ್ತಿರ ಮೂರು ಕ್ವಿಂಟಲ್ ತೂಗುತ್ತದೆ. ಮಣ್ಣಿನ ಮಾಳಿಗೆ ಮೇಲೆ ಇಡಲೇಬೇಡಿ.

ಫ್ರಿಜ್ಜೇ ಆಗಬೇಕೆಂದಿಲ್ಲ. ವಾಷಿಂಗ್ ಮೆಷಿನ್ನಿನ ಒಳಗಿನ ಸ್ಟೀಲ್ ಡ್ರಮ್ಮಿಗೆ ಮೈತುಂಬಾ ತೂತು ಇರುತ್ತದೆ, ತುಕ್ಕು ಹಿಡಿಯುವುದಿಲ್ಲ, ಆಳವೂ ಇದೆ. ಬದನೆಗೆ ಅದು ಚೆನ್ನ, ಆದರೆ ಬಿಸಿಲಿಗೆ ಬೇಗ ಕಾಯುವುದರಿಂದ ಒಳಗೆ ಗೋಣಿಚೀಲ ಸುತ್ತಿ ನೆರಳಿನ ಕಡೆ ಇಡಿ. ಪ್ಲಾಸ್ಟಿಕ್ ಕೂಲರಿನ ಕೆಳಗಿನ ತೊಟ್ಟಿಯಲ್ಲಿ ಕೊತ್ತಂಬರಿ, ಮೆಂತೆ ಬರುತ್ತವೆ. ತಗಡಿನ ಕೂಲರು ತುಕ್ಕು ತಿನ್ನುತ್ತದೆ, ಹೆಚ್ಚು ದಿನ ಬಾಳುವುದಿಲ್ಲ. ಡಬ್ಬದಂಥ ಹಳೇ ಟಿ.ವಿ.ಯನ್ನು ಮಾತ್ರ ಮುಟ್ಟಬೇಡಿ. ಅದರ ಗಾಜಿನಲ್ಲಿ ಸೀಸ ಇದೆ, ಒಳಗೆ ನಿರ್ವಾತ ಇರುವುದರಿಂದ ಒಡೆದರೆ ಚೂರು ಸಿಡಿಯುತ್ತದೆ. ಇನ್ವರ್ಟರ್ ಬ್ಯಾಟರಿಯ ಡಬ್ಬಿಯೂ ಬೇಡ, ಅದರಲ್ಲೂ ಸೀಸ.

ಇನ್ನೊಂದು ಕೆಲಸ ನಿಮ್ಮಿಂದ ಆಗಬೇಕು. ಒಂದು ಎಣ್ಣೆ ಡಬ್ಬಿಗೂ ಒಂದು ಫ್ರಿಜ್ಜಿನ ಮಡಿಗೂ ಒಂದೇ ಮಣ್ಣು ಹಾಕಿ, ಪಕ್ಕಪಕ್ಕ ಬಿಸಿಲಲ್ಲಿಡಿ. ಗೋಡೆಯಿಂದ ಎರಡು ಬೆರಳು ಒಳಗೆ, ಒಂದು ಗೇಣು ಆಳದಲ್ಲಿ ಪ್ರಯೋಗಾಲಯದ ಥರ್ಮಾಮೀಟರ್ ಇಟ್ಟು ಬೆಳಿಗ್ಗೆ 7ಕ್ಕೆ, ಮಧ್ಯಾಹ್ನ 2ಕ್ಕೆ, ರಾತ್ರಿ 8ಕ್ಕೆ ಉಷ್ಣತೆ ಬರೆದುಕೊಳ್ಳಿ. ಒಂದು ವಾರದ ಅಂಕಿಗಳನ್ನು ನಿಮ್ಮ ವಿಜ್ಞಾನ ಮೇಷ್ಟ್ರ ಕೈಯಲ್ಲಿ ಪತ್ರಿಕೆಗೆ ಕಳಿಸಿ. ರಾತ್ರಿ 8ರ ಅಂಕಿಯಲ್ಲಿ ಯಾವುದು ಹೆಚ್ಚು ಬಿಸಿ ಇರುತ್ತದೆ ಅಂತ ಮೊದಲೇ ಊಹಿಸಿ, ಬರೆದಿಟ್ಟುಕೊಂಡು ಆಮೇಲೆ ಅಳೆಯಿರಿ.